ಚಿತ್ರದ ಕೆಳಗಿನ ಸಾಲು ತಪ್ಪಾಗಿದೆ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ನೀವು ಒಂದು ಪೆನ್ಸಿಲ್ ಚಿತ್ರ ಹಾಕಿದ್ದಿರಿ. ಮಕ್ಕಳ ಬಗ್ಗೆ ಬರೆದ ಲೇಖನದ ನಡುವೆ, ಅಂಗೈಯಷ್ಟು ಅಗಲದ್ದು. ಏಳೆಂಟು ವರ್ಷದ ಹುಡುಗಿ ಮನೆ ಮುಂದಿನ ಕಟ್ಟೆ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಾಳೆ. ತಲೆ ಬಗ್ಗಿಸಿದ್ದಾಳೆ. ಕೆಳಗೆ ‘ಬಡತನದಲ್ಲೂ ಅರಳಿದ ಮುಗ್ಧ ಬಾಲ್ಯ’ ಅಂತ ಬರೆದಿದ್ದಿರಿ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಚಿತ್ರ: ಸಂಗ್ರಹ’.

ನನ್ನ ತಕರಾರು ಈ ಎರಡು ಸಾಲಿನ ಬಗ್ಗೆ. ಲೇಖನದ ಬಗ್ಗೆ ಅಲ್ಲ. ಲೇಖನ ಪೂರ್ತಿ ಓದಲೇ ಇಲ್ಲ, ಸುಳ್ಳು ಯಾಕೆ ಹೇಳಲಿ. ಚಿತ್ರದ ಮೇಲೆ ಕಣ್ಣು ನಿಂತುಬಿಟ್ಟಿತು.

ಆ ಹುಡುಗಿ ಏನು ಮಾಡುತ್ತಿದ್ದಾಳೆ ಅಂತ ನಿಮ್ಮ ಕಚೇರಿಯಲ್ಲಿ ಯಾರಾದರೂ ನೋಡಿದಿರಾ? ಅವಳು ಅಳುತ್ತಿಲ್ಲ. ಹಸಿದು ಕೂತಿಲ್ಲ. ಎರಡು ಮೊಣಕಾಲಿನ ನಡುವೆ ಒಂದು ಹವಾಯಿ ಚಪ್ಪಲಿಯನ್ನು ತಳ ಮೇಲಾಗಿ ಸಿಕ್ಕಿಸಿಕೊಂಡಿದ್ದಾಳೆ. ಮುಂದಿನ ಬಾರು ಕಿತ್ತಿದೆ. ಅದನ್ನು ತೂತಿನಲ್ಲಿ ತೂರಿಸಿ, ತಳದ ಕಡೆಯಿಂದ ಎಳೆದು, ಮತ್ತೆ ಜಾರಿ ಹೋಗದ ಹಾಗೆ ಅಡ್ಡಲಾಗಿ ಒಂದು ಪಿನ್ನು ಚುಚ್ಚುತ್ತಿದ್ದಾಳೆ. ರಬ್ಬರು ಗಟ್ಟಿ ಇರಬೇಕು, ಹೆಬ್ಬೆರಳು ಹಿಂದಕ್ಕೆ ಬಾಗಿದೆ. ನಾಲಿಗೆಯ ತುದಿ ತುಟಿಯ ಮೂಲೆಯಿಂದ ಹೊರಗೆ ಬಂದಿದೆ. ಇನ್ನೊಂದು ಚಪ್ಪಲಿ ಕಟ್ಟೆಯ ಕೆಳಗೆ ಸರಿಯಾಗಿಯೇ ಇದೆ, ಅವಳಿಗಾಗಿ ಕಾಯುತ್ತಿರುವ ಹಾಗೆ.

ಚಪ್ಪಲಿ ಬಾರು ಕಿತ್ತದ್ದು ಬಡತನವಾದರೆ ನಾವೆಲ್ಲ ಬಡವರೇ. ನನ್ನ ಮನೆಯ ಬಚ್ಚಲ ಚಪ್ಪಲಿಯ ತಳದಲ್ಲಿ ಈಗಲೂ ಒಂದು ಪಿನ್ನಿದೆ. ಸಾಹುಕಾರರ ಮನೆಯಲ್ಲೂ ಇರುತ್ತದೆ, ಅದನ್ನು ಬಂದವರಿಗೆ ತೋರಿಸುವುದಿಲ್ಲ ಅಷ್ಟೆ.

ಇಷ್ಟು ಖಾತ್ರಿಯಿಂದ ಹೇಳಲು ನೀನು ಯಾರು ಅಂತ ಕೇಳಬಹುದು. ನಾನು ಚಿತ್ರಗಾರನಲ್ಲ. 1988ರಿಂದ 2019ರವರೆಗೆ ಬಸ್ ಕಂಡಕ್ಟರ್ ಆಗಿದ್ದೆ. ಬಹಳ ವರ್ಷ ಗದಗ–ಹುಬ್ಬಳ್ಳಿ ಗಾಡಿ. ಹುಲಕೋಟಿ, ಅಣ್ಣಿಗೇರಿ, ಭದ್ರಾಪುರ, ನಲವಡಿ, ಶಿರಗುಪ್ಪಿ, ಕುಸುಗಲ್. ದಿನಕ್ಕೆ ಮೂರ್ನಾಲ್ಕು ಸಲ ಹೋಗಿ ಬರುವುದು. ಇಷ್ಟು ವರ್ಷದಲ್ಲಿ ಎಷ್ಟು ಮಕ್ಕಳನ್ನು ನೋಡಿರಬೇಕು ನೀವೇ ಲೆಕ್ಕ ಹಾಕಿ. ಅದೂ ಸುಮ್ಮನೆ ನೋಡುವುದಲ್ಲ. ಕಂಡಕ್ಟರ್ ಮಗುವನ್ನು ನೋಡುವುದು ವಯಸ್ಸು ಎಷ್ಟಿರಬಹುದು ಅಂತ ಅಳೆಯಲು. ಆರು ವರ್ಷದ ಒಳಗಿದ್ದರೆ ಟಿಕೆಟ್ ಇಲ್ಲ. ಆರರಿಂದ ಹನ್ನೆರಡರವರೆಗೆ ಅರ್ಧ. ಈ ಆರು ಅನ್ನುವ ಗೆರೆ ಇದೆಯಲ್ಲ, ಅದರ ಮೇಲೆ ನಡೆದಷ್ಟು ಜಗಳ ನಮ್ಮ ಗಾಡಿಯಲ್ಲಿ ಬೇರೆ ಯಾವುದಕ್ಕೂ ನಡೆದಿಲ್ಲ.

“ಐದು ತುಂಬ್ಯಾವ್ರಿ ಅಣ್ಣಾರ, ಆರಕ್ಕ ಇನ್ನಾ ಬಿದ್ದಿಲ್ಲ.”

“ಯಕ್ಕಾ, ಹೋದ ದೀಪಾವಳಿಗೂ ಐದ ಅಂದಿದ್ದಿ.”

“ಆವಾಗ ಹಿರೇ ಮಗಾ ರೀ, ಇಂವ ಸಣ್ಣಾಂವ.”

ಅಲ್ಲಿಗೆ ಮುಗಿಯಿತು. ಕಂಡಕ್ಟರ್ ಬಾಯಿ ಮುಚ್ಚಬೇಕು. (2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಈಗಿನ ಕಂಡಕ್ಟರ್ ಹುಡುಗರಿಗೆ ಈ ಜಗಳ ಅರ್ಧ ಮಾತ್ರ ಉಳಿದಿದೆ. ಪುಣ್ಯವಂತರು.)

‘ಮುಗ್ಧ ಬಾಲ್ಯ’ ಅಂತ ಬರೆದಿದ್ದೀರಲ್ಲ, ಅದಕ್ಕೇ ಈ ಮಾತು ತೆಗೆದೆ. ಬಾಗಿಲ ಹತ್ತಿರ ಮಕ್ಕಳ ಎತ್ತರ ಅಳೆಯುವ ಗೆರೆ ಬಳಿದಿರುತ್ತಾರೆ. ಆ ಗೆರೆಯ ಪಕ್ಕ ನಿಲ್ಲು ಅಂದ ಕೂಡಲೇ ಮೊಣಕಾಲು ಬಗ್ಗಿಸಿ ಎರಡು ಇಂಚು ಕುಗ್ಗಿದ ಮಕ್ಕಳನ್ನು ನಾನು ಕಂಡಿದ್ದೇನೆ. ಅಮ್ಮ ಹೇಳಿಕೊಟ್ಟಿರಲಿಲ್ಲ, ತಾವೇ ಮಾಡಿದ್ದು. ಉದ್ದ ಲಂಗದ ಒಳಗೆ ಮೊಣಕಾಲು ಬಗ್ಗಿದ್ದು ಯಾರಿಗೂ ಕಾಣದು ಅಂತ ಗೊತ್ತಿದ್ದ ಹುಡುಗಿಯೂ ಇದ್ದಳು. ನಾನು ಅವಳ ಮುಖ ನೋಡಿದೆ. ಅವಳು ಕಿಟಕಿಯ ಹೊರಗೆ ನೋಡಿದಳು. ಮುಗ್ಧತೆ ಅನ್ನುವುದು ದೂರದಿಂದ ನೋಡುವವರ ಮಾತು. ಹತ್ತಿರ ಹೋದರೆ ಪ್ರತಿ ಮಗುವೂ ಏನೋ ಒಂದು ಕೆಲಸದಲ್ಲಿ ಇರುತ್ತದೆ, ಅದರ ತಲೆಯೊಳಗೆ ಲೆಕ್ಕ ನಡೆದಿರುತ್ತದೆ.

ವಯಸ್ಸು ಅಳೆಯಲು ನನಗೆ ಗೆರೆ ಬೇಕಿರಲಿಲ್ಲ. ಅದನ್ನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು ಕಲಿಸಿದ್ದರು. ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಕಟ್ಟಿದ ಚಿತ್ರಕಲಾ ಶಾಲೆ ವಿಜಯ ಕಲಾ ಮಂದಿರದಲ್ಲಿ ಕಲಿತವರು ಅವರು. ಬೋರ್ಡಿನ ಮೇಲೆ ಒಂದು ತಲೆ ಬರೆದು, ಅದನ್ನೇ ಅಳತೆಗೋಲು ಮಾಡಿಕೊಂಡು ಕೆಳಗೆ ಎಣಿಸುತ್ತಿದ್ದರು. ಹುಟ್ಟಿದ ಕೂಸಿನ ಉದ್ದ ಅದರ ತಲೆಯ ನಾಲ್ಕರಷ್ಟು. ಆರರ ಸುಮಾರಿಗೆ ಆರು ತಲೆ. ಬೆಳೆದ ಆಳು ಏಳೂವರೆ. ಅಂದರೆ ಮಗುವಿನ ತಲೆ ದೊಡ್ಡದು, ಕಾಲು ಗಿಡ್ಡ. ಬೆಳೆಯುತ್ತ ಹೋದ ಹಾಗೆ ಕಾಲು ಓಡಿ ಹೋಗಿ ಲೆಕ್ಕ ಸರಿ ಮಾಡುತ್ತದೆ. ಮುಖದಲ್ಲೂ ಹಾಗೇ. ದೊಡ್ಡವರ ಕಣ್ಣು ತಲೆಯ ಸರಿ ಅರ್ಧಕ್ಕೆ ಇರುತ್ತವೆ, ಸಣ್ಣ ಮಕ್ಕಳದು ಅರ್ಧಕ್ಕಿಂತ ಕೆಳಗೆ. ಹಣೆಯೇ ಜಾಸ್ತಿ. ಇದು ಗೊತ್ತಿಲ್ಲದವರು ಮಗು ಬರೆಯಲು ಹೋದರೆ ಮೀಸೆ ಇಲ್ಲದ ಗಿಡ್ಡ ಮಾವನ ಹಾಗೆ ಬರುತ್ತದೆ. ನಮ್ಮ ಕಡೆ ಎಷ್ಟೋ ಹಳೆಯ ಗೋಡೆ ಚಿತ್ರಗಳಲ್ಲಿ ಬಾಲಕೃಷ್ಣನೂ ಹಾಗೇ ಇದ್ದಾನೆ, ದೇವರ ದೇಹ ಅಂತ ಸುಮ್ಮನಿರುತ್ತೇವೆ.

ನೀವು ಹಾಕಿದ ಚಿತ್ರ ಬರೆದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಹುಡುಗಿ ಕುಕ್ಕರಗಾಲಲ್ಲಿ ಕೂತಿರುವುದರಿಂದ ತಲೆ ಎಣಿಸುವುದು ಕಷ್ಟ. ಆದರೂ ಮೊಣಕಾಲಿನಿಂದ ಹಿಮ್ಮಡಿಗೆ ಇರುವ ಉದ್ದ ನೋಡಿದರೆ ಏಳು ದಾಟಿದೆ, ಎಂಟು ತುಂಬಿಲ್ಲ. ನಾನಾಗಿದ್ದರೆ ಅರ್ಧ ಟಿಕೆಟ್ ಹರಿಯುತ್ತಿದ್ದೆ.

ನಾನೂ ಬರೆಯುತ್ತಿದ್ದೆ. ಹೇಳಿಕೊಳ್ಳುವಂಥದ್ದೇನೂ ಅಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆ ಪಾಸಾಗಿದ್ದೆ. ಹೈಯರ್‌ಗೆ ಕಟ್ಟುವುದರೊಳಗೆ ಮನೆಯಲ್ಲಿ ತೊಂದರೆ ಬಂತು. ಬಿಟ್ಟೆ. ಗಾಡಿ ಹತ್ತಿದ ಮೇಲೆ ಕಿವಿ ಮೇಲೆ ಪೆನ್ನು, ಜೇಬಿನಲ್ಲಿ ಕೆಂಪು-ಕಪ್ಪು ಪಟ್ಟಿಯ ನಟರಾಜ್ ಪೆನ್ಸಿಲ್ ತುಂಡು. ಪೆನ್ನು ಇಲಾಖೆಗೆ, ಪೆನ್ಸಿಲ್ ನನಗೆ. ಓಡುವ ಗಾಡಿಯಲ್ಲಿ ಬರೆಯಲಾಗದು. ಅಣ್ಣಿಗೇರಿ ಸ್ಟ್ಯಾಂಡಿನಲ್ಲಿ ಐದು ನಿಮಿಷ ಸಿಗುತ್ತಿತ್ತು. ಡ್ರೈವರ್ ಚಹಾ ಕುಡಿಯಲು ಇಳಿಯುತ್ತಿದ್ದ, ನಾನು ಹಿಂದಿನ ಸೀಟಿಗೆ ಒರಗಿ ಒಂದು ಮಗು ಹುಡುಕುತ್ತಿದ್ದೆ. ಟಿಕೆಟ್ ಪುಸ್ತಕದ ರಟ್ಟು, ಹಳೆಯ ಪಾಂಪ್ಲೆಟ್ಟಿನ ಬೆನ್ನು, ಸಿಗರೇಟ್ ಪಾಕೀಟಿನ ಒಳಗಿನ ಬಿಳಿ, ಯಾವುದು ಸಿಕ್ಕರೆ ಅದು.

ಮಲಗಿದ ಮಗು ಸುಲಭ. ಎಚ್ಚರ ಇರುವ ಮಗು ಐದು ನಿಮಿಷದಲ್ಲಿ ಐವತ್ತು ಸಲ ಕದಲುತ್ತದೆ. ಮುಖದಿಂದ ಶುರು ಮಾಡಿದರೆ ಕೆಟ್ಟಿತು. ಮೊದಲು ಬೆನ್ನಿನ ಗೆರೆ ಹಿಡಿಯಬೇಕು. ಕುತ್ತಿಗೆಯಿಂದ ಕೆಳಗೆ ಒಂದೇ ಗೆರೆ. ಮಗು ಏನು ಮಾಡುತ್ತಿದೆ ಅನ್ನುವುದು ಆ ಬೆನ್ನಿನಲ್ಲೇ ಇರುತ್ತದೆ. ಬೆನ್ನು ಸಿಕ್ಕಮೇಲೆ ಕೈ, ಕೈ ಹಿಡಿದ ಸಾಮಾನು. ಮುಖ ಕೊನೆಗೆ, ಸಮಯ ಉಳಿದರೆ. ನನಗೆ ಹೆಚ್ಚಾಗಿ ಉಳಿಯುತ್ತಿರಲಿಲ್ಲ. ಮನೆಯ ಡಬ್ಬಿಯಲ್ಲಿ ಸುಮಾರು ಇನ್ನೂರು ಅರ್ಧ ಮಕ್ಕಳಿದ್ದಾರೆ. ಒಬ್ಬನಿಗೆ ಕಾಲಿಲ್ಲ, ಯಾಕೆಂದರೆ ಅವನು ನಲವಡಿಯಲ್ಲಿ ಇಳಿದ. ಒಬ್ಬಳಿಗೆ ಬರೀ ಜಡೆ ಮತ್ತು ಕೈಯಲ್ಲಿ ಪೇರಲ ಹಣ್ಣು. ಪೇರಲಕ್ಕೆ ಹಲ್ಲಿನ ಗುರುತು ಇದೆ, ಹುಡುಗಿಗೆ ಬಾಯಿ ಇಲ್ಲ.

ಟಿಕೆಟ್ ಮಷಿನ್ ಬಂದಮೇಲೆ ಆ ನುಣುಪು ಕಾಗದದ ಮೇಲೂ ಬರೆದು ನೋಡಿದೆ. ಅದರ ಮೇಲೆ ಉಗುರಿನಿಂದ ಜೋರಾಗಿ ಗೀರಿದರೂ ಕಪ್ಪು ಮೂಡುತ್ತದೆ, ಪೆನ್ಸಿಲ್ಲೇ ಬೇಡ. ಆದರೆ ವರ್ಷ ಕಳೆಯುವುದರಲ್ಲಿ ಉಗುರಿನ ಗೆರೆಯೂ ಇಲ್ಲ, ಅಚ್ಚಾದ ದರವೂ ಇಲ್ಲ, ಬಿಳೀ ಸುರುಳಿ. ಪೆನ್ಸಿಲ್ಲಿನಿಂದ ಬರೆದವು ಮಾತ್ರ ಉಳಿದಿವೆ. ನಾವು ಸೀಸದ ಕಡ್ಡಿ ಅನ್ನುತ್ತೇವೆ, ಅದರಲ್ಲಿ ಸೀಸ ಎಳ್ಳಷ್ಟೂ ಇಲ್ಲ. ಗ್ರಾಫೈಟು, ಜೇಡಿಮಣ್ಣು ಕಲಸಿ ಸುಟ್ಟದ್ದು. 1795ರಲ್ಲಿ ಫ್ರಾನ್ಸಿನ ಕಾಂಟೆ ಅನ್ನುವವನು ಈ ಹದ ಕಂಡುಹಿಡಿದ ಅಂತ ಮಾಸ್ತರರು ಹೇಳುತ್ತಿದ್ದರು. ಮಣ್ಣು ಜಾಸ್ತಿ ಆದರೆ ಗಟ್ಟಿ, ಗೆರೆ ತಿಳಿ. ಅದಕ್ಕೆ ಎಚ್ ಅನ್ನುತ್ತಾರೆ. ಮಣ್ಣು ಕಡಿಮೆ ಆದರೆ ಮೆತ್ತಗೆ, ಗೆರೆ ಕಪ್ಪು, ಅದು ಬಿ. ನಿಮ್ಮ ಪುರವಣಿಯ ಚಿತ್ರ ಇವೆರಡರ ನಡುವಿನ ಎಚ್‌ಬಿಯಲ್ಲೇ ಬರೆದದ್ದು ಅಂತ ನನ್ನ ಅಂದಾಜು. ಕೂದಲನ್ನು ಕಪ್ಪು ಮಾಡಲು ಒಂದೇ ಜಾಗದಲ್ಲಿ ನಾಲ್ಕೈದು ಸಲ ತಿಕ್ಕಿದ್ದಾರೆ, ಆದರೂ ಕಪ್ಪಾಗಿಲ್ಲ, ಹೊಳಪಾಗಿದೆ. ಅಂದರೆ ಡ್ರಾಯಿಂಗ್ ಡಬ್ಬಿ ಇಟ್ಟುಕೊಂಡು ಕೂತವರಲ್ಲ. ಕೈಗೆ ಸಿಕ್ಕ ಪೆನ್ಸಿಲ್ ಹಿಡಿದು, ಹುಡುಗಿ ಎದ್ದು ಹೋಗುವುದರೊಳಗೆ ಬರೆದವರು. ನನಗೆ ಅದರಿಂದಲೇ ಅವರ ಮೇಲೆ ಪ್ರೀತಿ ಬಂತು.

ನನ್ನ ಡಬ್ಬಿಯ ಒಂದು ಚಿತ್ರದ ಕಥೆ ಹೇಳಬೇಕು. ಶಿರಗುಪ್ಪಿಯ ಹತ್ತಿರ ಚೆಕಿಂಗ್‌ನವರು ಗಾಡಿ ತಡೆದರು. ಎಲ್ಲರ ಟಿಕೆಟ್ ನೋಡಿದರು, ಸರಿ ಇತ್ತು. ಇಳಿಯುವಾಗ ಒಬ್ಬ ಸಾಹೇಬರ ಕಣ್ಣು ನನ್ನ ರಟ್ಟಿನ ಮೇಲೆ ಬಿತ್ತು. ಅಣ್ಣಿಗೇರಿಯಲ್ಲಿ ಬರೆದದ್ದು. ಒಬ್ಬ ಹುಡುಗ ಎರಡೂ ಕೈಯಲ್ಲಿ ಕಬ್ಬಿನ ತುಂಡು ಹಿಡಿದು ಹಲ್ಲಿನಿಂದ ಸಿಪ್ಪೆ ಎಳೆಯುತ್ತಿದ್ದಾನೆ. ಕುತ್ತಿಗೆ ಒಂದು ಕಡೆ ತಿರುಗಿದೆ, ಒಂದು ಕಣ್ಣು ಮುಚ್ಚಿದೆ. ಅವತ್ತು ಕಾಲೂ ಸಿಕ್ಕಿದ್ದವು, ಪೂರ್ತಿ ಹುಡುಗ. ಸಾಹೇಬರು ಬಹಳ ಹೊತ್ತು ನೋಡಿದರು. ಹೊಗಳುತ್ತಾರೆ ಅಂದುಕೊಂಡೆ.

“ಈ ಹುಡುಗ ಯಾವ ಸೀಟಿನಾಗ ಅದಾನ?” ಅಂದರು.

ತೋರಿಸಿದೆ.

“ಇವನದ ಅರ್ಧಾ ಟಿಕೆಟ್ ತಗದೀಯೇನು?”

ತೆಗೆದಿರಲಿಲ್ಲ. ಐದು ಅಂತ ತಾಯಿ ಹೇಳಿದ್ದಳು, ನಾನು ಗಡಿಬಿಡಿಯಲ್ಲಿ ಒಪ್ಪಿಕೊಂಡಿದ್ದೆ. ಬರೆಯುವಾಗ ಮಾತ್ರ ಕೈ ಸುಳ್ಳು ಹೇಳಿರಲಿಲ್ಲ. ಚಿತ್ರದಲ್ಲಿ ಹುಡುಗ ಆರೂಕಾಲು ತಲೆ ಎತ್ತರ ಇದ್ದ. ತಾಯಿ ಕೊನೆಗೆ ಏಳು ಅಂತ ಒಪ್ಪಿದಳು. ನನಗೆ ಮೆಮೊ ಬಂತು. ತಪ್ಪು ನನ್ನದೇ. ಆದರೆ ಅವತ್ತು ರಾತ್ರಿ ಬೇಜಾರಿನ ಜೊತೆ ಒಂದು ಥರ ಖುಷಿಯೂ ಆಗಿತ್ತು. ಪೆನ್ಸಿಲ್ ಹಿಡಿದಾಗ ನಾನು ಕಂಡಷ್ಟು, ಟಿಕೆಟ್ ಕೊಡುವಾಗ ಕಂಡಿರಲಿಲ್ಲ. ಹೆಂಡತಿಗೆ ಹೇಳಿದೆ. “ಹಂಗಾರ ನಾಳಿಂದ ಎಲ್ಲಾರ್ನೂ ಬರದ ನೋಡಿ ಟಿಕೆಟ್ ಹರೀರಿ” ಅಂದಳು.

ಪರರ ಮಕ್ಕಳನ್ನು ಹೀಗೆ ಬರೆಯುವುದು ಸರಿಯೇ ಅನ್ನುವ ಮಾತೂ ಇದೆ. ಕುಸುಗಲ್ಲಿಗೆ ಇಳಿಯುವ ಒಬ್ಬ ತಾಯಿ ನನ್ನನ್ನು ಹಿಡಿದಿದ್ದಳು. “ಏ ಯಣ್ಣಾ, ಏನ್ ಬರೀಲಿಕತ್ತಿ? ನನ್ನ ಕೂಸಿಗೆ ದೃಷ್ಟಿ ಆಕ್ಕೈತಿ.” ನನಗೆ ನಾಚಿಕೆ ಆಯಿತು. ಕಾಗದ ಅವಳ ಕೈಗೇ ಕೊಟ್ಟೆ. ಬೈಯುತ್ತಲೇ ತೆಗೆದುಕೊಂಡಳು. ನೋಡಿದಳು. ಆಮೇಲೆ ಕಾಗದ ತಿರುಗಿ ನನ್ನ ಮುಂದೆ ಹಿಡಿದು, “ಗಲ್ಲಕ್ಕ ಬೊಟ್ಟು ಇಟ್ಟೇನಿ ನೋಡು, ಇದರಾಗ ಅದನ್ನ ಬಿಟ್ಟೀ. ಇಡು” ಅಂದಳು. ಪೆನ್ಸಿಲ್ಲನ್ನು ಒತ್ತಿ ತಿರುಗಿಸಿ ಒಂದು ಕಪ್ಪು ಬೊಟ್ಟಿಟ್ಟೆ. ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು ಇಳಿದಳು. ಅಂದಿನಿಂದ ಮಗು ಎಚ್ಚರ ಇದ್ದರೆ, ತಾಯಿಯನ್ನು ಕೇಳಿಯೇ ಬರೆದೆ. ಕೇಳಿದರೆ ಒಂದು ತೊಂದರೆ. “ಏ, ಸರಿಯಾಗಿ ಕುಂದ್ರು, ಚಿತ್ರ ತಗೀತಾರ” ಅಂತ ತಾಯಿ ಮಗುವಿನ ಕೂದಲು ಒತ್ತುತ್ತಾಳೆ, ಮಗು ಕಬ್ಬು ಕೆಳಗಿಟ್ಟು ಕೈಕಟ್ಟಿ ಕೂರುತ್ತದೆ. ಬರೆಯಲು ಏನೂ ಉಳಿಯುವುದಿಲ್ಲ.

ನನ್ನನ್ನೂ ಒಬ್ಬರು ಬರೆದಿದ್ದರು. ನಾವು ಬೆಟಗೇರಿಯವರು, ಮನೆಯಲ್ಲಿ ಕುಣಿ ಮಗ್ಗ ಇತ್ತು. ಅಪ್ಪ ಸೀರೆ ನೇಯುತ್ತಿದ್ದ, ನಾನು ಶಾಲೆಗೆ ಹೋಗುವ ಮೊದಲು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಬೇಕು. ಎಡಗೈಯಲ್ಲಿ ನೂಲು, ಬಲಗೈಯಲ್ಲಿ ರಾಟಿ. ಮುಂದಿನ ಖೋಲಿಯಲ್ಲಿ ಬಾಡಿಗೆಗೆ ಇದ್ದವರು ಅದೇ ಡ್ರಾಯಿಂಗ್ ಮಾಸ್ತರರು. ಒಂದು ಬೆಳಗ್ಗೆ ಬಾಗಿಲಲ್ಲಿ ಕಾಗದ ಹಿಡಿದು ನಿಂತಿದ್ದರು. ನಾನು ರಾಟಿ ನಿಲ್ಲಿಸಿ ನೆಟ್ಟಗೆ ಕೂತೆ. “ನೀ ನಿನ್ನ ಕೆಲಸಾ ಮಾಡಪಾ, ನನ್ನ ಕಡೆ ನೋಡಬ್ಯಾಡ” ಅಂದರು. ಸುತ್ತತೊಡಗಿದೆ. ಸ್ವಲ್ಪ ಹೊತ್ತಿಗೆ ಅವರು ಇದ್ದದ್ದೇ ಮರೆತೆ. ನೂಲು ಎರಡು ಸಲ ಹರಿಯಿತು, ಗಂಟು ಹಾಕಿದೆ. ಗಂಟು ಹಾಕುವಾಗ ನಾನು ಹಲ್ಲು ಕಚ್ಚುತ್ತೇನೆ ಅಂತ ನನಗೆ ಗೊತ್ತಾದದ್ದು ಆ ಚಿತ್ರದಿಂದ. ಆಮೇಲೆ ಅಪ್ಪನನ್ನು ನೋಡಿದೆ, ಅವನೂ ಕಚ್ಚುತ್ತಿದ್ದ.

ಆ ಚಿತ್ರ ಈಗಿಲ್ಲ. ಮಳೆಗಾಲದಲ್ಲಿ ಮಾಳಿಗೆ ಸೋರಿ ಹೋಯಿತು. ಅದೇ ವಯಸ್ಸಿನಲ್ಲಿ ಸ್ಟುಡಿಯೊದಲ್ಲಿ ತೆಗೆಸಿದ ಫೋಟೊ ಮಾತ್ರ ಉಳಿದಿದೆ. ಅದರಲ್ಲಿ ನಾನು ಸೋದರಮಾವನ ಪಕ್ಕ ಬೆದರಿದ ಹೋರಿಯ ಹಾಗೆ ನಿಂತಿದ್ದೇನೆ. ಮೊಮ್ಮಗ ಮೊನ್ನೆ ಆ ಫೋಟೊವನ್ನು ಮೊಬೈಲಿನಲ್ಲಿ ಒತ್ತಿ ಪೆನ್ಸಿಲ್ ಚಿತ್ರ ಮಾಡಿ ತೋರಿಸಿದ. ಒಂದು ಸೆಕೆಂಡು ಹಿಡಿಯಿತು. ಅಂಗಿಯ ಗುಂಡಿಗೆ, ಕಣ್ಣಿಗೆ, ಹಿಂದಿನ ಪರದೆಗೆ, ಎಲ್ಲಕ್ಕೂ ಒಂದೇ ತೂಕದ ಗೆರೆ. ಬೆದರಿಕೆ ಹಾಗೇ ಇತ್ತು. ಚೆಂದ ಇದೆ ಅಂದೆ, ಹುಡುಗ ಬೇಜಾರಾಗಬಾರದಲ್ವಾ.

ಅದೇ ಮೊಮ್ಮಗ ಇನ್ನೊಂದು ಒಳ್ಳೆಯ ಕೆಲಸ ಮಾಡಿದ. ನಿಮ್ಮ ಪುರವಣಿ ಹಿಡಿದು ನಾನು ಒಬ್ಬನೇ ಗೊಣಗುವುದು ಕೇಳಿ, ಮೊಬೈಲಿನಲ್ಲಿ ಹುಡುಕಿ ಒಂದು ಹಳೆಯ ಚಿತ್ರ ತೋರಿಸಿದ. ಹಾಲೆಂಡಿನ ರೆಂಬ್ರಾಂಟ್ 1656ರ ಸುಮಾರಿಗೆ ಬರೆದದ್ದು, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಇದೆ. ಪೆನ್ಸಿಲ್ ಅಲ್ಲ, ಶಾಯಿ. ಕೂಸಿಗೆ ನಡಿಗೆ ಕಲಿಸುತ್ತಿದ್ದಾರೆ. ತಾಯಿ ಒಂದು ಕಡೆ, ಅಕ್ಕ ಇನ್ನೊಂದು ಕಡೆ ಹಿಡಿದಿದ್ದಾರೆ. ಅಪ್ಪ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದ್ದಾನೆ. ಹಿಂದೆ ಹಾಲಿನ ಬಕೇಟು ಹೊತ್ತ ಹೆಂಗಸು ಹೋಗುತ್ತ ಹೋಗುತ್ತ ಇದನ್ನು ನೋಡುತ್ತಿದ್ದಾಳೆ. ಬಕೇಟು ತುಂಬಿದೆ, ಅವಳ ಮೈ ಒಂದು ಕಡೆ ವಾಲಿದ್ದರಲ್ಲೇ ಗೊತ್ತಾಗುತ್ತದೆ. ನಾಲ್ಕೈದು ಗೆರೆ, ಅಷ್ಟೆ. ನಮ್ಮ ಮೊದಲ ಟ್ರಿಪ್ಪಿಗೆ ಹಾಲಿನ ಕ್ಯಾನ್ ಹೊತ್ತು ಬರುತ್ತಿದ್ದವರೂ ಹೀಗೇ. ಕ್ಯಾನ್ ಇಳಿಸುವ ಮೊದಲು ಸೀಟಿನ ಮೇಲಿನ ಕೂಸಿನ ಗಲ್ಲ ಮುಟ್ಟದೆ ಮುಂದೆ ಹೋಗುತ್ತಿರಲಿಲ್ಲ. 350ಕ್ಕೂ ಹೆಚ್ಚು ವರ್ಷದ ಹಿಂದಿನ ಆ ಚಿತ್ರದಲ್ಲಿ ಒಬ್ಬರೂ ನಮ್ಮ ಕಡೆ ನೋಡುತ್ತಿಲ್ಲ. ಎಲ್ಲರ ಲಕ್ಷ್ಯ ಆ ಕೂಸಿನ ಮೇಲೆ, ಕೂಸಿನ ಲಕ್ಷ್ಯ ತನ್ನ ಕಾಲಿನ ಮೇಲೆ.

ನೋಡಿ, ಅದನ್ನು ಬರೆದವನ ಹೆಸರು ನನ್ನಂಥ ಬೆಟಗೇರಿಯ ಕಂಡಕ್ಟರಿಗೂ ಸಿಗುತ್ತದೆ. ಕಳೆದ ಭಾನುವಾರ ಅಚ್ಚಾದ ಚಿತ್ರ ಬರೆದವರ ಹೆಸರು ನಿಮಗೆ ಸಿಗಲಿಲ್ಲವೇ? ‘ಸಂಗ್ರಹ’ ಅಂದರೆ ಯಾರ ಸಂಗ್ರಹ? ಚಿತ್ರದ ಬಲಗಡೆ ಕೆಳಮೂಲೆ ಭೂತಗನ್ನಡಿ ಹಿಡಿದು ನೋಡಿದೆ. ಕಟ್ಟೆಯ ಕಲ್ಲಿನ ಕೆಳಗೆ ಎರಡು ಅಕ್ಷರದ ತಲೆಕಟ್ಟು ಕಾಣುತ್ತದೆ. ಅಕ್ಷರದ ಮೈ ಇಲ್ಲ. ಸಹಿ ಇತ್ತು, ಪುಟಕ್ಕೆ ಹೊಂದಿಸುವಾಗ ಕತ್ತರಿ ಆಗಿದೆ. ತಲೆಕಟ್ಟು ಇದೆ ಅಂದರೆ ಕನ್ನಡದಲ್ಲೇ ಸಹಿ ಮಾಡುವವರು. ಅಂದರೆ ಇಲ್ಲೇ ಎಲ್ಲೋ ಇದ್ದಾರೆ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಕಲಾಶಾಲೆ ಕಟ್ಟಿದ ಊರಕಡೆ, ಗದಗಿನಲ್ಲಿ ಅಕ್ಕಿಯವರು ಕಟ್ಟಿದ ಊರಕಡೆ, ಶಿಗ್ಗಾವಿ ಹತ್ತಿರ ಹೆದ್ದಾರಿ ಪಕ್ಕ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರು ಹಳ್ಳಿಯ ದಿನನಿತ್ಯದ ಬದುಕನ್ನೇ ಸಿಮೆಂಟಿನಲ್ಲಿ ನಿಲ್ಲಿಸಿದ ಕಡೆ, ಹೀಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಲೇಖನಕ್ಕೆ ಲೇಖಕರ ಹೆಸರು ದಪ್ಪ ಅಕ್ಷರದಲ್ಲಿ ಹಾಕುತ್ತೀರಿ. ಫೋಟೊ ತೆಗೆದವರ ಹೆಸರು ಹಾಕುತ್ತೀರಿ. ಪೆನ್ಸಿಲ್ ಹಿಡಿದವರು ಏನು ಪಾಪ ಮಾಡಿದ್ದಾರೆ?

ಇನ್ನು ಅಡಿಬರಹದ ಮಾತು. ‘ಚಪ್ಪಲಿ ಬಾರು ಸರಿಮಾಡುತ್ತಿರುವ ಹುಡುಗಿ’ ಅಂತ ಬರೆದಿದ್ದರೆ ಸಾಕಿತ್ತು. ಅದೇ ಅಳತೆಯ ಸಾಲು, ಜಾಗವೂ ಜಾಸ್ತಿ ಬೇಡ. ಈ ಮಾತನ್ನು ನಾನು ಮನೆಯಲ್ಲಿ ಜೋರಾಗಿಯೇ ಹೇಳಿದೆ. ಬಡತನ ಎಲ್ಲಿದೆ ತೋರಿಸಿ ಅಂದೆ. ಮೊಮ್ಮಗ ತೋರಿಸಿದ. “ಅಜ್ಜಾ, ಫ್ರಾಕ್ ನೋಡು. ಹೆಗಲ ಮೇಲಿಂದ ಜಾರೇತಿ.” ಹೌದು, ಎಡ ಹೆಗಲ ಮೇಲೆ ಫ್ರಾಕು ಸಡಿಲಾಗಿ ತೋಳಿನವರೆಗೆ ಇಳಿದಿದೆ. ನಾನು ಅದನ್ನು ಗಮನಿಸಿರಲಿಲ್ಲ. ಹರಿದ ಬಟ್ಟೆ ಅಂತ ನಿಮ್ಮವರು ಅದನ್ನೇ ಕಂಡು ಆ ಸಾಲು ಬರೆದಿರಬೇಕು. ಮೂರು ದಿನ ನಾನು ಸುಮ್ಮನಾದೆ. ಪತ್ರ ಬರೆಯುವುದನ್ನೂ ನಿಲ್ಲಿಸಿದ್ದೆ. ನನ್ನದೇ ತಪ್ಪೇನೋ ಅನ್ನಿಸಿತು.

ಬುಧವಾರ ಸಂಜೆ ಹೆಂಡತಿ ಮೆಂತ್ಯ ಸೋಸುತ್ತ ಕೂತಿದ್ದಳು. ಸೊಪ್ಪು ಹರಡಿಕೊಳ್ಳಲು ಅದೇ ಪುರವಣಿ ಹಾಸಿದ್ದಳು. ನಾನು ಬೈಯಬೇಕು ಅನ್ನುವಷ್ಟರಲ್ಲಿ ಅವಳೇ ಚಿತ್ರದ ಮೇಲಿನ ಕಡ್ಡಿ ಸರಿಸಿ ನೋಡಿದಳು.

“ಪಿನ್ನು ಎಲ್ಲಿಂದ ಬಂತು ಅಂತ ಕೇಳಿಲ್ಲೇನು ನೀವು?” ಅಂದಳು.

ಎಲ್ಲಿಂದ?

“ಫ್ರಾಕಿಂದ ಬಿಚ್ಚಿಕೊಂಡಾಳ. ಅದರ ಗುಂಡಿ ಹೋಗಿತ್ತು, ಅವ್ವ ಪಿನ್ನ ಹಾಕಿದ್ದಳು. ಚಪ್ಪಲಿ ಕಿತ್ತಿತು. ಅದನ್ನ ತಗದು ಇದಕ್ಕ ಚುಚ್ಚಾಕತ್ತಾಳ. ಫ್ರಾಕನ್ನ ಕೈಲೆ ಹಿಡಕೊಂಡು ಓಡಬಹುದು, ಚಪ್ಪಲಿ ಹಿಡಕೊಂಡು ಓಡಾಕ ಬರತೈತೇನು?”

ಭೂತಗನ್ನಡಿ ತಂದೆ. ಫ್ರಾಕು ಹರಿದಿಲ್ಲ. ಹೆಗಲ ಪಟ್ಟಿಯ ತುದಿಯಲ್ಲಿ ಕಾಜಾ ಇದೆ, ಗುಂಡಿ ಇಲ್ಲ. ಅದರ ಪಕ್ಕ ಎರಡು ಸಣ್ಣ ಚುಕ್ಕಿ, ಪಿನ್ನು ಇದ್ದ ತೂತು. ಬರೆದವರು ಅದನ್ನೂ ಬಿಟ್ಟಿಲ್ಲ. ಎಚ್‌ಬಿ ಪೆನ್ಸಿಲ್ಲಿನ ಮೊನೆ ಎರಡು ಸಲ ಮೆಲ್ಲಗೆ ಮುಟ್ಟಿಸಿದ್ದಾರೆ, ಅಷ್ಟೆ.

ಸಂಪಾದಕರೇ, ಪತ್ರ ಉದ್ದವಾಯಿತು ಅಂತ ನನಗೆ ಗೊತ್ತು. ಜಾಗ ಇಲ್ಲದಿದ್ದರೆ ನನ್ನ ಮೆಮೊ ಕಥೆ ತೆಗೆಯಿರಿ, ಮಗ್ಗದ ಕಥೆ ತೆಗೆಯಿರಿ, ಏನೂ ಬೇಜಾರಿಲ್ಲ. ಆದರೆ ಬರುವ ಭಾನುವಾರ ಆ ಚಿತ್ರವನ್ನು ಮೂಲೆ ಕತ್ತರಿಸದೆ ಇನ್ನೊಂದು ಸಲ ಹಾಕಿ. ಸಹಿ ಕಾಣಲಿ. ಬರೆದವರು ಈ ಪತ್ರ ನೋಡಿದರೆ, ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿ ಕೊಟ್ಟಿದ್ದೇನೆ, ಒಂದು ಕಾರ್ಡು ಹಾಕಲಿ. ಪಿನ್ನಿನ ವಿಷಯ ನಿಜವೇ ಅಂತ ಕೇಳಬೇಕು. ಹೆಂಡತಿ ಹತ್ತು ರೂಪಾಯಿ ಪಂಥ ಕಟ್ಟಿದ್ದಾಳೆ. ನಾನು ಸೋಲುತ್ತೇನೆ ಅಂತ ಗೊತ್ತು, ಆದರೂ ಕಟ್ಟಿದ್ದೇನೆ.

ಇಂತಿ ನಿಮ್ಮ ಓದುಗ,
ನಿವೃತ್ತ ಬಸ್ ಕಂಡಕ್ಟರ್,
ಬೆಟಗೇರಿ, ಗದಗ